ಮಸ್ಕತ್‌ನಲ್ಲಿ ಕೂತು ಕಲಬುರಗಿ ಎಣಿಕೆ ನೋಡಿದೆ, ಇಲ್ಲಿಂದ ವೋಟು ಹಾಕೋ ದಾರಿ ಇದೆಯಾ?

ಗುರುಮಠಕಲ್ ಹುಡುಗ | 25 ಮೇ 2019

ಎಲ್ಲರಿಗೂ ನಮಸ್ಕಾರ. ನಮ್ಮದು ಗುರುಮಠಕಲ್ ಹತ್ತಿರದ ಹಳ್ಳಿ. ಆರು ವರ್ಷದಿಂದ ಮಸ್ಕತ್‌ನಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಮೊನ್ನೆ ಗುರುವಾರ ಬೆಳಿಗ್ಗೆ ಆರೂವರೆಗೇ ಮೊಬೈಲ್ ಹಿಡಿದು ಕೂತೆ. ಊರಲ್ಲಿ ಆಗ ಎಂಟು ಗಂಟೆ, ಲೋಕಸಭೆ ಚುನಾವಣೆಯ ವೋಟು ಎಣಿಕೆ ಶುರು. ಕೆಲಸಕ್ಕೆ ಹೋದ ಮೇಲೂ, ಏಣಿ ಮೇಲೆ ನಿಂತಾಗಲೂ ಕೈ ಜೇಬಿಗೇ ಹೋಗುತ್ತಿತ್ತು. ಕೊನೆಗೆ ಗೊತ್ತಾಯಿತು: ಮಲ್ಲಿಕಾರ್ಜುನ ಖರ್ಗೆಯವರು 95,452 ವೋಟಿನಿಂದ ಸೋತರು. ಬಿಜೆಪಿಯ ಉಮೇಶ್ ಜಾಧವ್ ಗೆದ್ದರು.

1972ರಲ್ಲಿ ಖರ್ಗೆಯವರು ಮೊದಲ ಸಲ ಗೆದ್ದದ್ದು ನಮ್ಮ ಗುರುಮಠಕಲ್‌ನಲ್ಲೇ. ಅಪ್ಪನ ಮೊದಲ ವೋಟೂ ಆ ಚುನಾವಣೆಯದೇ. ಆಗ ವೋಟಿಗೆ 21 ವರ್ಷ ತುಂಬಬೇಕಿತ್ತು. ಆಗಿನಿಂದ ಖರ್ಗೆಯವರು ವಿಧಾನಸಭೆಗೆ ಒಂಬತ್ತು ಸಲ, ಲೋಕಸಭೆಗೆ ಎರಡು ಸಲ, ಒಮ್ಮೆಯೂ ಸೋಲಿಲ್ಲ. ‘ಸೋಲಿಲ್ಲದ ಸರದಾರ’ ಅನ್ನೋದು ಕೇಳಿಕೊಂಡೇ ನಾನು ಬೆಳೆದೆ.

ರಾತ್ರಿ ಫೋನ್ ಮಾಡಿದರೆ ಅವ್ವ ಎತ್ತಿದಳು. “ನಿಮ್ಮಪ್ಪ ಊಟ ಬ್ಯಾಡಂದು ಮಲಗ್ಯಾರ” ಅಂದಳು. ತಮ್ಮ ಮಾತ್ರ ಖುಷಿಯಾಗಿದ್ದ. ಅವನು ಜಾಧವ್‌ಗೆ ಹಾಕಿದವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಹುಡುಕಿ ಹುಡುಕಿ ಸೋತಿದ್ದಾನೆ, ಬೇರೆಯವರನ್ನು ನೋಡೋಣ ಅಂದುಕೊಂಡ. ಆದರೆ ತಂಗಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು 371ಜೆ ಬಂದಿದ್ದರಿಂದ. ಅದು ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ ವಿಧಿ, ಅದಕ್ಕಾಗಿ ಖರ್ಗೆಯವರು ಓಡಾಡಿದ್ದರು. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಮಕ್ಕಳಿಗೇ. ಅಪ್ಪ ಅದನ್ನು ಹೇಗೆ ಮರೆಯುತ್ತಾರೆ?

ನನ್ನನ್ನು ಜಾಸ್ತಿ ಕಾಡುತ್ತಿರೋದು ಒಂದು ಫೋಟೋ. ಏಪ್ರಿಲ್ 23ರ ಬಿಸಿಲಲ್ಲಿ ಅಪ್ಪ, ಅವ್ವ, ತಮ್ಮ, ತಂಗಿ ವೋಟು ಹಾಕಿ ಬಂದು ಶಾಯಿ ಹಚ್ಚಿದ ಬೆರಳು ತೋರಿಸಿ ಕಳಿಸಿದ್ದು. ನಾಲ್ಕು ಬೆರಳು. ನಂದು ಇಲ್ಲ. ನನ್ನ ಒಂದು ವೋಟಿನಿಂದ ಏನೂ ಬದಲಾಗುತ್ತಿರಲಿಲ್ಲ, ಗೊತ್ತು. ಆದರೂ ತಡೆಯೋಕೆ ಆಗುತ್ತಿಲ್ಲ. ಇಲ್ಲಿಂದಲೇ ಹಾಕಬಹುದಾ? ನಿಮಗೂ ಹೀಗಾಗಿದೆಯಾ?

ಸೇಡಂ ಮಾಸ್ತರ್

ತಮ್ಮಾ, ಅಲ್ಲಿಂದಲೇ ಹಾಕೋಕೆ ಆಗಲ್ಲ. ಹೊರದೇಶದಲ್ಲಿ ಇರುವವರ ಪರವಾಗಿ ಇನ್ನೊಬ್ಬರು ಹಾಕಬಹುದು ಅನ್ನೋ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿತ್ತು. ರಾಜ್ಯಸಭೆ ದಾಟಲಿಲ್ಲ. ಆದರೆ ಹೆಸರು ಸೇರಿಸಬಹುದು. ಫಾರಂ 6ಎ ತುಂಬು, ಆನ್‌ಲೈನ್‌ನಲ್ಲೇ ಆಗುತ್ತದೆ. ಪಾಸ್‌ಪೋರ್ಟ್, ವೀಸಾ ಪುಟದ ನಕಲು ಬೇಕು. ಪಾಸ್‌ಪೋರ್ಟಿನಲ್ಲಿ ಯಾವ ಊರಿದೆಯೋ ಆ ಊರಿನ ಪಟ್ಟಿಗೇ ಹೆಸರು ಸೇರುತ್ತದೆ. ವೋಟಿನ ದಿನ ಮಾತ್ರ ನೀನೇ ಬರಬೇಕು, ಅಸಲಿ ಪಾಸ್‌ಪೋರ್ಟ್ ತೋರಿಸಬೇಕು.

ಬೀದರ್ ಅಕ್ಕ, ದೋಹಾ

ನಾನು ಈ ಸಲ ರಜೆಯನ್ನು ಏಪ್ರಿಲ್‌ಗೇ ಹಾಕಿಸಿಕೊಂಡು ಬೀದರ್‌ಗೆ ಹೋಗಿ ವೋಟು ಹಾಕಿದೆ. ನಮ್ಮಂಥವರ ಹೆಸರು ಪಟ್ಟಿಯ ಕೊನೆಯಲ್ಲಿ ಬೇರೆ ಇರುತ್ತದೆ, ಹುಡುಕಲು ಸ್ವಲ್ಪ ಹೊತ್ತಾಯಿತು. ಶಾಯಿ ಹಚ್ಚಿದಾಗ ಅಳು ಬಂತು. ಆ ಗುರುತು ದೋಹಾಕ್ಕೆ ಬಂದ ಮೇಲೂ ಉಗುರಿನ ಮೇಲಿತ್ತು. ತೊಳೆದು ಹೋಗದಿರಲಿ ಅನಿಸುತ್ತಿತ್ತು. ಹೋಗಿ ಬಾ ತಮ್ಮಾ.

ಜೇವರ್ಗಿಯವನು

ನಾನು ನಿಮ್ಮ ತಮ್ಮನ ಕಡೆಯವನು ಅಣ್ಣಾ. ಆದರೆ ಗುರುವಾರ ಓಣಿಯಲ್ಲಿ ಪಟಾಕಿ ಹೊಡೆದಾಗ ಪಕ್ಕದ ಮನೆ ಕಾಕಾ ಬಾಗಿಲು ಹಾಕಿಕೊಂಡರು. ಮನಸ್ಸಿಗೆ ಒಂಥರಾ ಆಯಿತು. ಮರುದಿನ ಹೋಗಿ ಕೂತೆ, ಚಹಾ ಕೊಟ್ಟರು. 1978ರ ಪ್ರಚಾರದ ಕತೆ ಹೇಳುತ್ತಾ ಹೋದರು, ನಾನು ಸುಮ್ನೆ ಕೇಳಿದೆ. ನಿಮ್ಮಪ್ಪನಿಗೂ ಮಾತಾಡಲು ಒಬ್ಬರು ಬೇಕು ಅಲ್ವಾ?

ಗುರುಮಠಕಲ್ ಹುಡುಗ

ಈಗಷ್ಟೇ ಮಾತಾಡಿದೆ. ತಮ್ಮನೇ ಫೋನನ್ನು ಅಪ್ಪನ ಕೈಗೆ ಕೊಟ್ಟ. ಚುನಾವಣೆ ಮಾತು ಅಪ್ಪ ಎತ್ತಲಿಲ್ಲ. ಮಾಸ್ತರ್ ಹೇಳಿದ ಫಾರಂ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಸ್‌ಪೋರ್ಟಿನಾಗ ನಮ್ಮೂರ ಹೆಸರೇ ಅದನೋ ಇಲ್ಲೋ, ಮೊದಲ ಅದನ್ನ ನೋಡು” ಅಂದರು.

ತೆಗೆದು ನೋಡಿದೆ. ಕೊನೆ ಪುಟದಲ್ಲಿ ಇದೆ.