ಏಳು ತಿಂಗಳ ಲ್ಯಾಬ್ರಡಾರ್, ಮೊದಲ ಶೋ: ರಿಂಗ್‌ಗೆ ಇಳಿಯುವ ಮುಂಚೆ ಏನೇನು ಕಲಿಸಬೇಕು?

ಲ್ಯಾಬ್‌ಮರಿ:
ಎಲ್ಲರಿಗೂ ನಮಸ್ಕಾರ. ಗಂಡು ಲ್ಯಾಬ್ರಡಾರ್, ಏಳು ತಿಂಗಳು ತುಂಬಿದೆ. ನೋಂದಣಿ ಪತ್ರ, ಮೈಕ್ರೋಚಿಪ್, ಲಸಿಕೆ ಎಲ್ಲ ಸರಿಯಿದೆ. ಇನ್ನು ಹತ್ತು ವಾರಕ್ಕೆ ಎಫ್‌ಸಿಐ (ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ) ನಿಯಮದ ಶ್ವಾನ ಪ್ರದರ್ಶನ, ಅಂದರೆ ಶೋ. ತೊಂದರೆ ಮೂರು. ಓಡಿಸಿದರೆ ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ ಎತ್ತುತ್ತಾನೆ. ಹೊಸಬರು ಬಾಯಿ ಮುಟ್ಟಿದರೆ ಹಿಂದೆ ಸರಿದು ಕೂತುಬಿಡುತ್ತಾನೆ. ನಿಲ್ಲಿಸಿದರೆ ಬೆನ್ನು ಹಿಂದಕ್ಕೆ ಇಳಿಜಾರಾಗಿ ಕಾಣುತ್ತದೆ. ಶೋನ ವಯಸ್ಸಿನ ವಿಭಾಗಗಳಲ್ಲಿ ಪಪ್ಪಿ ಕ್ಲಾಸ್‌ಗೇ ಹೆಸರು ಕೊಡಲಾ? ಸಂತಾನಹರಣ ಶಸ್ತ್ರಚಿಕಿತ್ಸೆ ಈಗಲೇ ಮಾಡಿಸಿದರೆ ಅಡ್ಡಿಯಾಗುತ್ತಾ?

ರಿಂಗ್‌ಬದಿ:
ಮೊದಲು ಶಸ್ತ್ರಚಿಕಿತ್ಸೆ ವಿಷಯ: ಶೋ ಮಾಡಬೇಕೆಂದಿದ್ದರೆ ಬೇಡ. ಗಂಡುನಾಯಿಗೆ ಎರಡೂ ವೃಷಣ ಚೀಲಕ್ಕೆ ಪೂರ್ತಿ ಇಳಿದಿರಬೇಕು ಎಂದು ಎಫ್‌ಸಿಐ ತಳಿ ಮಾನದಂಡಗಳಲ್ಲೇ ಬರೆದಿದೆ. ಜಡ್ಜ್ ಕೈಯಿಟ್ಟು ನೋಡುತ್ತಾರೆ. ಒಂದು ಇಳಿದಿಲ್ಲ ಅಂದರೆ ಫಾರಂ ತುಂಬುವ ಮುಂಚೆಯೇ ವೈದ್ಯರಿಗೆ ತೋರಿಸಿ.

ಇನ್ನು ಕ್ಲಾಸ್. ವಯಸ್ಸು ಲೆಕ್ಕಕ್ಕೆ ಬರುವುದು ಶೋ ದಿನದ್ದು, ಫಾರಂ ತುಂಬಿದ ದಿನದ್ದಲ್ಲ. ಪಪ್ಪಿ ಕ್ಲಾಸ್ 6ರಿಂದ 9 ತಿಂಗಳು, ಜೂನಿಯರ್ 9ರಿಂದ 18. ಹತ್ತು ವಾರ ಕಳೆದರೆ ನಿಮ್ಮವನಿಗೆ ಒಂಬತ್ತು ದಾಟಿರುತ್ತದೆ, ಹಾಗಾಗಿ ಜೂನಿಯರ್. ಅಲ್ಲಿ ಎದೆ ತುಂಬಿದ ಹದಿನೇಳು ತಿಂಗಳ ಗಂಡುಗಳೂ ಇರುತ್ತವೆ, ಪಕ್ಕದಲ್ಲಿ ಇವನು ಕಾಲೇ ಕಾಲಾಗಿ ಕಾಣುತ್ತಾನೆ. ಗಾಬರಿಯಾಗಿ ಊಟ ಹೆಚ್ಚಿಸಬೇಡಿ. ದಪ್ಪವಾಗುವುದು ಬೇರೆ, ಮೈ ಬೆಳೆಯುವುದು ಬೇರೆ. ಅಂಗೈಯನ್ನು ಪಕ್ಕೆಯ ಮೇಲೆ ಹಗುರವಾಗಿ ಆಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು.

ಫಾರಂನಲ್ಲಿ ನಾಯಿಯ ಹೆಸರು ನೋಂದಣಿ ಪತ್ರದಲ್ಲಿ ಇದ್ದ ಹಾಗೇ, ಅಕ್ಷರ ತಪ್ಪದೆ ಇರಲಿ. ಮನೆಯಲ್ಲಿ ಕರೆಯುವ ಹೆಸರಲ್ಲ.

ನಾಲ್ಕುಕಾಲು:
ಇಳಿಜಾರು ಬೆನ್ನಿಗೆ ಹೆಚ್ಚಿನ ಸಲ ಕಾರಣ ನಾಯಿಯಲ್ಲ, ನಿಲ್ಲಿಸುವ ಕೈ. ಹಿಂಗಾಲನ್ನು ತೀರಾ ಹಿಂದಕ್ಕೆ ಎಳೆದಿಟ್ಟರೆ ಸೊಂಟ ತಗ್ಗುತ್ತದೆ, ಲ್ಯಾಬ್ರಡಾರ್ ಹೋಗಿ ಜರ್ಮನ್ ಶೆಫರ್ಡ್ ಆಗಿಬಿಡುತ್ತದೆ! ಮುಂದಕ್ಕೆ ತಳ್ಳಿಟ್ಟರೆ ಬೆನ್ನು ಗೂನು. ಲ್ಯಾಬ್‌ಗೆ ಬೇಕಾದದ್ದು ಸಮತಟ್ಟಾದ ಬೆನ್ನು.

ಮುಂಗಾಲು ಮೊದಲು. ಬಲಗೈಯಲ್ಲಿ ತಲೆ ಹಿಡಿದು, ಭಾರವನ್ನು ಆಚೆ ಬದಿಗೆ ಒಂಚೂರು ವಾಲಿಸಿ, ಎತ್ತಬೇಕಾದ ಕಾಲನ್ನು ಮೊಣಕೈ ಹತ್ತಿರ ಹಿಡಿದು ಇಡಿ. ಪಾದ ಹಿಡಿದರೆ ಎಳೆದುಕೊಂಡು ತನಗೆ ಬೇಕಾದಲ್ಲಿ ಇಡುತ್ತದೆ. ಭುಜದ ಮೇಲ್ತುದಿಯಿಂದ (ಕತ್ತು ಬೆನ್ನಿಗೆ ಸೇರುವಲ್ಲಿಂದ) ತೂಗುಗುಂಡು ಬಿಟ್ಟರೆ ಮೊಣಕೈ ದಾಟಿ ಪಾದದ ಹಿಂಭಾಗಕ್ಕೆ ಬೀಳುವಂತಿರಲಿ. ಆಮೇಲೆ ಹಿಂಗಾಲು: ಹಿಂದಕ್ಕೆ ಚಾಚಿದ ಆ ಗಂಟು ಇದೆಯಲ್ಲ, ಹಾಕ್ ಅನ್ನುತ್ತಾರೆ, ಅಲ್ಲಿ ಹಿಡಿಯಿರಿ. ಗಂಟಿನಿಂದ ಕೆಳಗಿನ ಭಾಗ ನೆಲಕ್ಕೆ ನೆಟ್ಟಗೆ ನಿಂತರೆ ಸಾಕು, ಇನ್ನು ಎಳೆಯಬೇಡಿ. ನಿಂತುಕೊಂಡು ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಫೋನನ್ನು ನಾಯಿಯ ಎತ್ತರಕ್ಕೆ ಒರಗಿಸಿಟ್ಟು ಪಕ್ಕದಿಂದ ವಿಡಿಯೋ ಮಾಡಿ.

ಒಂದೇ ಬದಿಯ ಕಾಲು ಒಟ್ಟಿಗೆ ಎತ್ತುವುದಕ್ಕೆ ಪೇಸಿಂಗ್ ಅನ್ನುತ್ತಾರೆ. ಓಟ ತೀರಾ ನಿಧಾನವಾದರೆ, ಲೀಡ್ (ಕತ್ತಿಗೆ ಕಟ್ಟಿ ಹಿಡಿಯುವ ಹಗ್ಗ) ಬಿಗಿಯಾದರೆ, ನಾಯಿ ದಣಿದರೆ ಹೀಗಾಗುತ್ತದೆ. ನಡಿಗೆಯಿಂದ ನಿಧಾನವಾಗಿ ವೇಗ ಏರಿಸಿದರೆ ಪೇಸಿಂಗ್‌ನಲ್ಲೇ ಸಿಕ್ಕಿಕೊಳ್ಳುತ್ತಾನೆ, ಆದ್ದರಿಂದ ಮೊದಲ ನಾಲ್ಕು ಹೆಜ್ಜೆಯಲ್ಲೇ ಟ್ರಾಟ್‌ಗೆ (ಒಂದು ಬದಿಯ ಮುಂಗಾಲು, ಇನ್ನೊಂದು ಬದಿಯ ಹಿಂಗಾಲು ಒಟ್ಟಿಗೆ ಏಳುವ ಓಟಕ್ಕೆ) ತನ್ನಿ. ರಿಂಗ್‌ನಲ್ಲಿ ಶುರುವಾಗಿಬಿಟ್ಟರೆ ಲೀಡನ್ನು ಚಿಕ್ಕದಾಗಿ ಮೇಲಕ್ಕೆ ಒಮ್ಮೆ ಎತ್ತಿ ಬಿಡಿ, ಲಯ ಮುರಿಯುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಐದಾರು ಕೋಲು ನೆಲದ ಮೇಲೆ ಸಾಲಾಗಿ ಇಡಿ, ನಡುವೆ ಹೆಚ್ಚುಕಡಿಮೆ ಅವನ ಭುಜದೆತ್ತರದಷ್ಟು ಅಂತರ. ಕೋಲು ದಾಟಬೇಕಾದರೆ ಕರ್ಣದ ಕಾಲುಗಳು ಜೋಡಿಯಾಗಿ ಏಳಲೇಬೇಕು. ಎಲುಬು ಇನ್ನೂ ಬೆಳೆಯುವ ವಯಸ್ಸು, ಕೋಲು ಎತ್ತರಿಸಿ ಹಾರಿಸಬೇಡಿ.

ಬಾಚಣಿಗೆ:
ಕೂದಲಿನ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಶೋ ಬೆಳಿಗ್ಗೆ ಸ್ನಾನ ಮಾಡಿಸಬೇಡಿ. ಲ್ಯಾಬ್‌ನ ಮೇಲ್ಗೂದಲು ಒರಟಾಗಿ, ಒಳಗೂದಲು ದಟ್ಟವಾಗಿ ಇರಬೇಕು. ಶಾಂಪೂ ಹಾಕಿದ ದಿನ ಹತ್ತಿಯಂತೆ ಮೆತ್ತಗಾಗುತ್ತದೆ. ಮೂರು ನಾಲ್ಕು ದಿನ ಮೊದಲೇ ತೊಳೆದರೆ ಮೈಯೆಣ್ಣೆ ಮರಳಿ ಬರುತ್ತದೆ. ಕಂಡೀಷನರ್ ಬೇಡವೇ ಬೇಡ. ಬಾಲದ ತುದಿಯಲ್ಲಿ ಮೀಸೆಯಂತೆ ಜೋತ ಕೂದಲನ್ನು ದುಂಡಗೆ ಕತ್ತರಿಸಿ, ಅಷ್ಟೇ ಕತ್ತರಿ ಕೆಲಸ. ಉಗುರು ವಾರಕ್ಕೊಮ್ಮೆ ಚೂರು ಚೂರೇ ಕತ್ತರಿಸಿ. ಉದ್ದ ಬಿಟ್ಟರೆ ಬೆರಳು ಅಗಲಿಸಿ ಪಾದ ಚಪ್ಪಟೆಯಾಗಿ ಕಾಣುತ್ತದೆ.

ಕಪ್ಪು ನಾಯಿಯಾದರೆ ಕಪ್ಪು ಪ್ಯಾಂಟ್ ಹಾಕಬೇಡಿ, ಬೆನ್ನಿನ ಗೆರೆ ನಿಮ್ಮ ಕಾಲಲ್ಲಿ ಕಳೆದುಹೋಗುತ್ತದೆ.

ಲ್ಯಾಬ್‌ಮರಿ:
ಕಪ್ಪೇ! ಬಾಯಿ ಮುಟ್ಟಿಸಿಕೊಳ್ಳುವುದಕ್ಕೆ ಏನು ಮಾಡಲಿ? ತಿಂಡಿ ತೋರಿಸಿಕೊಂಡೇ ಹಲ್ಲು ನೋಡಿಸಬಹುದಾ?

ರಿಂಗ್‌ಬದಿ:
ಬೇಡ. ಜಡ್ಜ್ ತುಟಿ ಎತ್ತುವಾಗ ಬಾಯಿ ಅಗಿಯುತ್ತಿದ್ದರೆ ಹಲ್ಲು ಕಾಣುವುದಿಲ್ಲ, ಬೆರಳಿಗೆ ಎಂಜಲು ಬೇರೆ. ಮೊದಲು ಮುಟ್ಟುವುದು, ಆಮೇಲೆ ತಿಂಡಿ. ಬಟಾಣಿ ಗಾತ್ರದ್ದು, ಪುಡಿಯಾಗದ್ದು. ರಿಂಗ್‌ನಲ್ಲಿ ಚೂರು ಬಿದ್ದರೆ ಹಿಂದೆ ಬರುವ ನಾಯಿಗಳೆಲ್ಲ ನೆಲ ಮೂಸುತ್ತಾ ನಿಲ್ಲುತ್ತವೆ.

ಮೊದಲ ವಾರ ನೀವೇ: ಗಲ್ಲದ ಕೆಳಗೆ ಕೈ, ಒಂದು ಸೆಕೆಂಡು ತುಟಿ, ತಿಂಡಿ. ಮುಂದಿನ ಹಲ್ಲು ಸರಾಗವಾದ ಮೇಲೆ ಎಡ ಬದಿ, ಬಲ ಬದಿ. ನಿಮ್ಮ ಕೈ ಅವನ ಮೂಗು ಕಣ್ಣು ಮುಚ್ಚಬಾರದು, ಅದಕ್ಕೇ ಬಹಳ ನಾಯಿಗಳು ಹಿಂದೆ ಸರಿಯುವುದು. ಆಮೇಲೆ ಪರಿಚಯದವರು, ಕೊನೆಗೆ ಹೊಸಬರು. ಬರುವವರು ತಲೆಯ ಮೇಲೆ ಬಾಗದೆ ಓರೆಯಾಗಿ ಬಂದು, ಮೊದಲು ಗಲ್ಲ ಮುಟ್ಟಲಿ. ಬಾಯಿ ಆದಮೇಲೆ ಭುಜ, ಎದೆ, ಬೆನ್ನು, ವೃಷಣ, ಬಾಲ. ಅವನು ಕೂತರೆ ಬೈದು ಎತ್ತಬೇಡಿ. ಹೊಟ್ಟೆ ಕೆಳಗೆ ಕೈ ಕೊಟ್ಟು ನಿಲ್ಲಿಸಿ, ಒಂದು ಹಂತ ಹಿಂದಕ್ಕೆ ಹೋಗಿ. ದಿನಕ್ಕೆ ಎರಡು ಸಲ, ಮೂರು ನಿಮಿಷ ಮೀರದ ಹಾಗೆ.

ನಾಲ್ಕುಕಾಲು:
ಒಂದು ಬಿಟ್ಟುಹೋಯಿತು. ನಿಮ್ಮ ಸರದಿಗೆ ಮುಂಚೆ ರಿಂಗ್ ಪಕ್ಕ ನಿಂತು ಆ ಜಡ್ಜ್ ತ್ರಿಕೋನ ಓಡಿಸುತ್ತಿದ್ದಾರೋ, ನೇರ ಹೋಗಿ ಬರಲು ಹೇಳುತ್ತಿದ್ದಾರೋ ನೋಡಿಕೊಳ್ಳಿ. ನಾಯಿ ನಿಮ್ಮ ಎಡಕ್ಕೆ. ಓಡುವಾಗ ನಾಯಿಯನ್ನು ನೋಡದೆ ಎದುರಿನ ಒಂದು ಗುರುತಿನ ಮೇಲೆ ಕಣ್ಣಿಡಿ, ಇಲ್ಲವಾದರೆ ಸೊಟ್ಟ ಹೋಗುತ್ತೀರಿ, ನಾಯಿಯ ಹಿಂಗಾಲೂ ಸೊಟ್ಟ ಕಾಣುತ್ತದೆ. ವಾಪಸ್ ಬಂದು ಜಡ್ಜ್‌ಗಿಂತ ಎರಡು ಮೀಟರ್ ಮೊದಲೇ ನಿಂತುಬಿಡಿ. ಹತ್ತಿರ ಹೋದಷ್ಟೂ ನಾಯಿ ಕತ್ತೆತ್ತಿ ಅವರ ಮುಖ ನೋಡಲು ಹಿಂದಕ್ಕೆ ವಾಲುತ್ತದೆ, ಕಷ್ಟಪಟ್ಟು ಸರಿ ಮಾಡಿದ ಬೆನ್ನು ಮತ್ತೆ ಇಳಿಜಾರು.