ಭಾಷಾ ವಿನಿಮಯದ ಸಂಜೆಯಲ್ಲಿ ಎದುರಿನವರು ಇಂಗ್ಲಿಷಿಗೆ ಹೊರಳಿದರೆ ಏನು ಮಾಡಬೇಕು?

ಕೊಡಚಾದ್ರಿಯ ಹುಡುಗ (ಗ್ರೆನೋಬಲ್):
ಎಲ್ಲರಿಗೂ ನಮಸ್ಕಾರ. ನಾನು ಹೊಸನಗರದವನು, ಕಳೆದ ಸೆಪ್ಟೆಂಬರಿನಿಂದ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ, ಬೆಂಗಳೂರಿನಲ್ಲಿ ಬಿ1 (ಮಧ್ಯಮ) ಹಂತದವರೆಗೆ ಕಲಿತ ಫ್ರೆಂಚನ್ನು ಆಡುವ ಸಂದರ್ಭವೇ ಒದಗುತ್ತಿಲ್ಲ. ಅದಕ್ಕಾಗಿ ಪ್ರತಿ ಬುಧವಾರ ಕೆಫೆಯೊಂದರಲ್ಲಿ ಸೇರುವ ಭಾಷಾ ವಿನಿಮಯದ ಸಂಜೆಗೆ ಹೋಗುತ್ತಿದ್ದೇನೆ. ಆದರೆ ಎರಡು ವಾಕ್ಯ ಆಡಿ, ಮೂರನೆಯದಕ್ಕೆ ಕ್ರಿಯಾಪದ ಹುಡುಕುವಷ್ಟರಲ್ಲಿ ಎದುರಿನವರು, ನನಗೆ ನೆರವಾಗಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ, ಇಂಗ್ಲಿಷಿಗೆ ಹೊರಳುತ್ತಾರೆ. ಅವರವರು ತಮ್ಮೊಳಗೆ ಆಡಿಕೊಳ್ಳುವ ಫ್ರೆಂಚ್ ನನಗೆ ಅರ್ಧವೂ ತಿಳಿಯುವುದಿಲ್ಲ. ಆರು ವಾರ ಹೀಗೇ ಕಳೆದಿವೆ. ಅನುಭವಸ್ಥರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಲಿಯೋನ್‌ವಾಸಿ:
ಅಲ್ಲಿಗೆ ಬರುವ ಫ್ರೆಂಚರಲ್ಲಿ ಬಹುಪಾಲು ಜನ ತಮ್ಮ ಇಂಗ್ಲಿಷನ್ನು ತಿದ್ದಿಕೊಳ್ಳಲೆಂದೇ ಬಂದಿರುತ್ತಾರೆ. ಆದ್ದರಿಂದ ಇದು ಕೊಡು-ಕೊಳ್ಳುವ ವ್ಯವಹಾರವೆಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ನಾನು ಕುಳಿತ ಕೂಡಲೇ, ಮೊದಲ ಇಪ್ಪತ್ತು ನಿಮಿಷ ಫ್ರೆಂಚ್, ಆಮೇಲೆ ಇಪ್ಪತ್ತು ನಿಮಿಷ ಇಂಗ್ಲಿಷ್ ಎಂದು ಹೇಳಿ ಫೋನಿನಲ್ಲಿ ಅಲಾರಂ ಇಡುತ್ತಿದ್ದೆ. ಯಾರೂ ಬೇಸರಪಟ್ಟುಕೊಂಡದ್ದಿಲ್ಲ. ಮಾತು ಹೊರಳಿದರೆ ‘ಓಂ ಪೆ ರೆಸ್ತೆ ಆಂ ಫ್ರಾನ್ಸೆ?’ (ಫ್ರೆಂಚಿನಲ್ಲೇ ಮುಂದುವರಿಯೋಣವೇ?) ಎಂದು ಕೇಳಿ.

ಇನ್ನೊಂದು ಮಾತು. ಅಪರಿಚಿತರನ್ನು ‘ನೀವು’ ಎನ್ನುವುದು ನಮಗೆ ರಕ್ತಗತವಾಗಿರುವುದರಿಂದ ಎಲ್ಲರಿಗೂ ‘ವು’ ಬಳಸುತ್ತೇವೆ. ಪ್ರಾಧ್ಯಾಪಕರಿಗೆ, ಅಂಗಡಿಯವರಿಗೆ ಅದೇ ಸರಿ. ವಿದ್ಯಾರ್ಥಿಗಳ ನಡುವೆ ಮಾತ್ರ ಮೊದಲ ಕ್ಷಣದಿಂದಲೇ ‘ತು’ ನಡೆಯುತ್ತದೆ. ಅಲ್ಲಿ ‘ವು’ ಎಂದರೆ ದೂರ ನಿಂತು ಮಾತಾಡಿಸಿದಂತೆ.

ಫ್ರೆಂಚ್ ಶಿಕ್ಷಕಿ (ಮೈಸೂರು):
ಅವರ ಮಾತು ತಿಳಿಯದಿರುವುದಕ್ಕೆ ತಮ್ಮ ಕಲಿಕೆ ಕಡಿಮೆಯೆಂಬುದು ಕಾರಣವಲ್ಲ. ನಾವು ತರಗತಿಯಲ್ಲಿ ಕಲಿಸುವುದು ಬರಹದ ಫ್ರೆಂಚನ್ನು. ‘ಹೋಗುತ್ತಿದ್ದೇನೆ’ ಎಂಬುದನ್ನಷ್ಟೇ ಓದಿ ಬಂದವರಿಗೆ ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ‘ಹೋಗ್ತಿದೀನಿ’ ಕೇಳಿಸಿದರೆ ಹೇಗೋ, ಹಾಗೆಯೇ ‘ಜೆ ನ ಸೆ ಪಾ’ (ನನಗೆ ಗೊತ್ತಿಲ್ಲ) ಎಂಬುದು ಅಲ್ಲಿನ ಬಾಯಲ್ಲಿ ‘ಶೆಪಾ’ ಆಗಿರುತ್ತದೆ. ನಿಷೇಧದ ‘ನ’ ಬಿದ್ದುಹೋಗುತ್ತದೆ. ನಾವು ಎನ್ನಲು ‘ನು’ ಬದಲು ‘ಓಂ’ ಬರುತ್ತದೆ. ಪದಗಳು ಕೂಡಿಕೊಳ್ಳುವ ಬಗೆಗೂ ಕಿವಿ ಪಳಗಬೇಕು: ‘ಲೆ’ ಮತ್ತು ‘ಅಮಿ’ ಸೇರಿದರೆ ‘ಲೆಜಮಿ’ (ಸ್ನೇಹಿತರು). ‘ಮನೆ’ಗೆ ‘ಅನ್ನು’ ಸೇರಿದಾಗ ನಡುವೆ ಯಕಾರ ಬರುವುದನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ಅಲ್ಲಿ ಬರಹದಲ್ಲಿ ಮೊದಲೇ ಇದ್ದು ಮೌನವಾಗಿದ್ದ ವ್ಯಂಜನ ದನಿ ಪಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಉಚ್ಚಾರಣೆಯಲ್ಲಿ ಒಂದು ಸ್ವರವನ್ನು ಮೊದಲು ಸಾಧಿಸಿ. ಮೇಲೆ ಎಂಬ ಪದವನ್ನೂ ಕೆಳಗೆ ಎಂಬ ಪದವನ್ನೂ ಕನ್ನಡಿಗರು ‘ದಸು’ ಎಂದು ಒಂದೇ ಬಗೆಯಲ್ಲಿ ಹೇಳುತ್ತಾರೆ, ಕೇಳುವವರಿಗೆ ಅರ್ಥವೇ ತಲೆಕೆಳಗಾಗುತ್ತದೆ. ತುಟಿಯನ್ನು ‘ಊ’ಕಾರಕ್ಕೆ ಗುಂಡಗೆ ಮಾಡಿ, ಹಾಗೆಯೇ ಹಿಡಿದು, ನಾಲಿಗೆಯಲ್ಲಿ ‘ಈ’ ಎನ್ನಿ. ಮೇಲೆ ಎಂಬ ಪದದ ಕೊನೆಯ ಸ್ವರ ಅದೇ. ಕನ್ನಡಿಯ ಮುಂದೆ ಮಾಡಿದರೆ ಬೇಗ ಬರುತ್ತದೆ.

ತುಲೂಸ್ ಕನ್ನಡಿಗ:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸಂಗೀತ, ಗದ್ದಲಗಳ ನಡುವೆ ಹೊಸಬರ ಕಿವಿ ಪಳಗುವುದು ಕಷ್ಟ. ಇಲ್ಲಿನ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಉಚಿತ ಸಂಭಾಷಣಾ ಕೂಟಗಳು ನಡೆಯುತ್ತವೆ. ನಾನು ಹೋಗುತ್ತಿದ್ದ ಕೂಟದಲ್ಲಿ ಸುತ್ತಲಿನವರೆಲ್ಲ ಬೇರೆ ಬೇರೆ ದೇಶದವರಾದ್ದರಿಂದ ಫ್ರೆಂಚ್ ಬಿಟ್ಟು ಗತಿಯೇ ಇರಲಿಲ್ಲ. ಕಿವಿಗೆ, ಫ್ರಾನ್ಸಿನ ಅಂತರರಾಷ್ಟ್ರೀಯ ಬಾನುಲಿ ಆರ್‌ಎಫ್‌ಐಯ ಸರಳ ಫ್ರೆಂಚ್ ವಾರ್ತೆಯಿದೆ: ದಿನಕ್ಕೆ 10 ನಿಮಿಷ, ಜೊತೆಗೆ ಅದರ ಲಿಖಿತ ಪಾಠ. ಬುಧವಾರದ ಸಂಜೆಗೆ ಹೋಗುವುದನ್ನೂ ಬಿಡಬೇಡಿ, ಆದರೆ ಹೇಳಲು ಏನಾದರೊಂದು ಸಂಗತಿಯನ್ನು ಮನೆಯಲ್ಲೇ ಸಿದ್ಧಮಾಡಿಕೊಂಡು ಹೋಗಿ.

ಕೊಡಚಾದ್ರಿಯ ಹುಡುಗ:
ತಮ್ಮೆಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಗ್ರೆನೋಬಲ್ ಸುತ್ತಲೂ ಆಲ್ಪ್ಸ್ ಇರುವುದರಿಂದ ಇಲ್ಲಿ ಚಾರಣದ ಮಾತು ಎತ್ತಿದರೆ ಯಾರೂ ಸುಮ್ಮನಿರುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಕೊಡಚಾದ್ರಿ ಹತ್ತಿದ್ದನ್ನು ಬರೆದು, ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಂಡು ಹೋದೆ. ನಮ್ಮದು 1,343 ಮೀಟರ್ ಎಂದೆ. ಎದುರಿಗಿದ್ದ ವಿದ್ಯಾರ್ಥಿನಿ ತಾನು ಹತ್ತಿದ ಶಾಮ್‌ಶೋದ್ 2,082 ಮೀಟರ್ ಎಂದಳು. ಅದಕ್ಕೆ ನಾನು, ನಿಮ್ಮಲ್ಲಿ ಇಂಬಳಗಳಿಲ್ಲವಲ್ಲ ಎನ್ನಲು ಹೊರಟು, ಪದ ಗೊತ್ತಿಲ್ಲದೆ ನಿಂತೆ. ಇಂಗ್ಲಿಷ್ ಪದ ನಾಲಿಗೆಯ ತುದಿಗೆ ಬಂದಿತ್ತು, ತಡೆದೆ. ಕಾಲುಚೀಲ ಇಳಿಸಿ, ಹಿಮ್ಮಡಿಯ ಮೇಲೆ ಬೆರಳನ್ನು ಬಾಗಿಸಿ ಬಾಗಿಸಿ ನಡೆಸಿ, ರಕ್ತ ಕುಡಿಯುತ್ತದೆ ಎಂದು ಫ್ರೆಂಚಿನಲ್ಲಿ ಹೇಳಿದೆ. ‘ಸಾಂಸ್ಯು!’ ಎಂದಳು. ಮೇಡಂ, ಆ ಪದದ ಕೊನೆಯಲ್ಲಿ ಇರುವುದು ತಾವು ಹೇಳಿದ ಸ್ವರವೇ. ಅದು ಸರಿಯಾಗಿ ಬರುವವರೆಗೆ ಐದಾರು ಸಲ ಹೇಳಿಸಿದಳು. ಅಲಾರಂ ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಅನುನಾಸಿಕ ಸ್ವರಗಳಿಗೂ ಇಂಥದೇ ಅಭ್ಯಾಸವಿದ್ದರೆ ದಯವಿಟ್ಟು ತಿಳಿಸಿ. ದ್ರಾಕ್ಷಾರಸ, ಗಾಳಿ ಎಂಬ ಎರಡು ಪದಗಳೂ ನನ್ನ ಬಾಯಲ್ಲಿ ಇನ್ನೂ ಒಂದೇ ಆಗಿವೆ.