ಪದಚರ್ಚೆ: ಆಲ್ಬಮ್ಮಿನ ‘ಗಟರ್’, ‘ಸ್ಪ್ರೆಡ್’, ‘ಬ್ಲೀಡ್’ ಇವುಗಳಿಗೆ ಕನ್ನಡ ಬೇಕಾಗಿದೆ, ಸೋಮವಾರದೊಳಗೆ

ಕಲಬುರಗಿಯಿಂದ, ಆಲ್ಬಮ್ ವಿನ್ಯಾಸಕ

ಮಾನ್ಯರೇ,

ಮದುವೆ, ಕುಬಸ, ಜವಳಗಳ ಚಿತ್ರ ತೆಗೆಯುವ ವೃತ್ತಿಪರ ಛಾಯಾಗ್ರಾಹಕರಿಗೆ ಆಲ್ಬಮ್ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಚಿತ್ರ ತೆಗೆಯುವವರು ಅವರು, ಆಲ್ಬಮ್ಮನ್ನು ಮನೆಯಲ್ಲಿಟ್ಟುಕೊಳ್ಳುವವರು ಅವರ ಗಿರಾಕಿಗಳು. ಎರಡು ಮೂರು ಸಾವಿರ ಚಿತ್ರಗಳಲ್ಲಿ ಮನೆಯವರು ಆರಿಸಿಕೊಟ್ಟ ಇನ್ನೂರೋ ಮುನ್ನೂರೋ ಚಿತ್ರಗಳನ್ನು ಹಾಳೆಗಳ ಮೇಲೆ ಹೊಂದಿಸುವವನು ನಾನು. ಅಂಗಡಿಗೆ ಹೊಸ ನಾಮಫಲಕ ಬರೆಸುತ್ತಿದ್ದೇನೆ. 2024ರ ತಿದ್ದುಪಡಿಯ ಪ್ರಕಾರ ಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು, ಬರೆಯುವವರು ಸೋಮವಾರ ಅಕ್ಷರ ಕೇಳಿದ್ದಾರೆ. ಆದರೆ ಫಲಕಕ್ಕಿಂತ ನನಗೆ ಹೆಚ್ಚು ತುರ್ತಾಗಿರುವುದು ಅಚ್ಚಿಗೆ ಕಳುಹಿಸುವ ಮೊದಲು ಮನೆಯವರಿಂದ ಸಹಿ ಮಾಡಿಸಿಕೊಳ್ಳುವ ಒಪ್ಪಿಗೆ ಪತ್ರ, ಅದೂ ಅಂದೇ ಮುದ್ರಣಕ್ಕೆ ಹೋಗಬೇಕು.

ಹಳೆಯ ಪತ್ರದಲ್ಲಿ ‘ಗಟರ್‌ನಲ್ಲಿ ಬರುವ ಮುಖಗಳಿಗೆ ನಾವು ಜವಾಬ್ದಾರರಲ್ಲ’ ಎಂಬ ವಾಕ್ಯವಿತ್ತು. ನಮ್ಮ ವೃತ್ತಿಯಲ್ಲಿ ಎಲ್ಲರೂ ಆಡುವ ಪದವಾದ್ದರಿಂದ ಅದರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಕಳೆದ ತಿಂಗಳು ಆಳಂದದ ಕಡೆಯ ಒಂದು ಕುಟುಂಬ ಬಂದಿತ್ತು. ಹುಡುಗಿಯ ತಂದೆ ಕನ್ನಡಕ ಹಾಕಿಕೊಂಡು ಪತ್ರವನ್ನು ಗಟ್ಟಿಯಾಗಿ ಓದುತ್ತ ಆ ಸಾಲಿಗೆ ಬಂದವರೇ ನಿಂತರು. ‘ನಮ್ಮ ಹುಡುಗಿ ಮಾರಿ ಗಟಾರದಾಗ ಬರ್ತದಂತ ಬರ್ದು ನಮ್ಮ ಕಡಿಂದೇ ಸಹಿ ಮಾಡಿಸ್ಕೊಳ್ತೀರೇನ್ರೀ?’ ಎಂದು ಕೇಳಿದರು. ಈ ಊರಿನಲ್ಲಿ ಗಟಾರ ಎಂದರೆ ಮನೆಯ ಮುಂದಿನ ಕೊಳಚೆ ಕಾಲುವೆ ಎಂಬುದು ಮಗುವಿಗೂ ಗೊತ್ತು. ನಾನು ಕ್ಷಮೆ ಕೇಳಿ, ಮಾದರಿ ಆಲ್ಬಮ್ ತೆರೆದು ಬೆರಳಿಟ್ಟು ತೋರಿಸಿದ ಮೇಲೆ ಅವರಿಗೆ ವಿಷಯ ತಿಳಿಯಿತು, ಆದರೆ ಅವರ ಮನಸ್ಸಿಗಾದ ನೋವು ಆ ಹೊತ್ತಿಗೆ ಆಗಿಹೋಗಿತ್ತು. ಪತ್ರದ ಇನ್ನೊಂದು ಕರಡನ್ನು ಯಂತ್ರಾನುವಾದದಿಂದ ಪಡೆದಾಗ ‘ಬ್ಲೀಡ್’ ಎಂಬಲ್ಲಿ ‘ರಕ್ತಸ್ರಾವ’ ಎಂದು ಬಂದಿತ್ತು. ಮದುವೆಗೆ ಸಂಬಂಧಿಸಿದ ಕಾಗದದ ಮೇಲೆ ಆ ಪದ ಇರಕೂಡದೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಪದ ಹುಡುಕುವವರಿಗೆ ವಸ್ತು ಕಣ್ಣ ಮುಂದಿರಲಿ. ನಮ್ಮಲ್ಲಿ ಹೆಚ್ಚು ನಡೆಯುವುದು 12×36 ಇಂಚಿನ ಶೀಟು. ಉದ್ದದಲ್ಲಿ ನಟ್ಟನಡುವೆ ಮಡಚಿದರೆ 12×18ರ ಎರಡು ಪುಟಗಳಾಗುತ್ತವೆ. ತೆರೆದಾಗ ಎರಡೂ ಸೇರಿ ಒಂದೇ ದೃಶ್ಯ. ಇದಕ್ಕೆ ನಾವು ‘ಸ್ಪ್ರೆಡ್’ ಎನ್ನುತ್ತೇವೆ. ಹೊಲಿದ ಪುಸ್ತಕದಂತೆ ಇದು ನಡುಭಾಗವನ್ನು ನುಂಗುವುದಿಲ್ಲ, ಏಕೆಂದರೆ ಒಂದೊಂದು ಶೀಟಿನ ಬೆನ್ನಿಗೆ ಮುಂದಿನ ಶೀಟಿನ ಬೆನ್ನನ್ನು ಅಂಟಿಸಿರುತ್ತಾರೆ, ಹಾಗಾಗಿ ತೆರೆದರೆ ಹಲಗೆಯ ಹಾಗೆ ಸಮವಾಗಿ ಬೀಳುತ್ತದೆ. ಆದರೂ ಮಡಚಿದ ಗೆರೆಯೊಂದು ಉಳಿದೇ ಉಳಿಯುತ್ತದೆ, ಮತ್ತು ಅಕ್ಷತೆಯ ಹೊತ್ತಿನ ಗುಂಪುಚಿತ್ರವನ್ನು ಹಾಳೆಯ ತುಂಬ ಹರಡಿದರೆ ನಡುವೆ ನಿಂತ ಯಾರದೋ ಮೂಗಿನ ಮೇಲೆಯೇ ಆ ಗೆರೆ ಹಾಯುತ್ತದೆ. ಬಹಳ ಸಲ ಅಲ್ಲಿ ನಿಂತವರು ಮದುಮಕ್ಕಳೇ ಆಗಿರುತ್ತಾರೆ. ಅದೇ ‘ಗಟರ್’. ‘ಬ್ಲೀಡ್’ ಎಂದರೆ ಅಂಚು ಕತ್ತರಿಸುವಾಗ ಬಿಳಿ ಗೆರೆ ಕಾಣದಿರಲೆಂದು ಚಿತ್ರವನ್ನು ಅಳತೆಗಿಂತ ಸ್ವಲ್ಪ ಆಚೆಗೆ ಹಾಯಿಸಿರುವ ಭಾಗ. ಇವುಗಳ ಜೊತೆಗೆ ಇಡೀ ವಸ್ತುವಿಗೇ ಒಂದು ಹೆಸರು ಬೇಕು. ಕರಿ ಹಾಳೆಗೆ ಚಿತ್ರ ಅಂಟಿಸಿ ನಡುವೆ ಬೆಣ್ಣೆಕಾಗದ ಇಡುತ್ತಿದ್ದ ಹಳೆಯ ಆಲ್ಬಮ್ಮಿಗೂ, ನೇರವಾಗಿ ಹಾಳೆಯ ಮೇಲೆಯೇ ಅಚ್ಚಾಗುವ ಇದಕ್ಕೂ ವ್ಯತ್ಯಾಸ ತಿಳಿಯುವಂತಿದ್ದರೆ ಒಳ್ಳೆಯದು.

ಯಾದಗಿರಿಯಿಂದ

ಗೆಳೆಯರೇ, ಇದರಲ್ಲಿ ತೊಡಕೇನೂ ಇಲ್ಲ. ಇಡೀ ವಸ್ತುವಿಗೆ ‘ತಿಟ್ಟಹೊತ್ತಗೆ’ ಎನ್ನಿ, ಎರಡೂ ಅಚ್ಚಗನ್ನಡದ ಪದಗಳು. ಗಟರಿಗೆ ‘ನಡುಗೆರೆ’, ಬ್ಲೀಡಿಗೆ ‘ಮೀರಂಚು’. ಅಳತೆಯನ್ನು ಮೀರಿದ ಅಂಚು ಎಂದು ಕೇಳಿದೊಡನೆ ಹೊಳೆಯುತ್ತದೆ. ಆಲ್ಬಮ್, ಶೀಟು, ವಿನ್ಯಾಸ ಇವೆಲ್ಲವನ್ನೂ ಫಲಕದಿಂದ ತೆಗೆಯಿರಿ. ಕನ್ನಡದ ಅಕ್ಷರಗಳಲ್ಲಿ ಇಂಗ್ಲಿಷನ್ನೋ ಸಂಸ್ಕೃತವನ್ನೋ ಬರೆಸಿ ಶೇಕಡಾ 60 ಕನ್ನಡವಾಯಿತೆಂದು ಸಮಾಧಾನ ಪಡುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಬೀದರದಿಂದ, ನಿವೃತ್ತ ಕನ್ನಡ ಅಧ್ಯಾಪಕ

‘ಹೊತ್ತಗೆ’ ಅಚ್ಚಗನ್ನಡವಲ್ಲ. ‘ಪುಸ್ತಕ’ವು ಪ್ರಾಕೃತದ ದಾರಿಯಲ್ಲಿ ಸವೆದು ‘ಪೊತ್ತಗೆ’ಯಾಗಿ, ಪಕಾರ ಹಕಾರವಾಗಿ ‘ಹೊತ್ತಗೆ’ಯಾಗಿದೆ. ಇದು ಶಾಲೆಯ ತತ್ಸಮ ತದ್ಭವಗಳ ಪಟ್ಟಿಯಲ್ಲಿರುವ ವಿಷಯ, ಇದರ ಮೇಲೆ ಚರ್ಚೆ ಬೇಡ. ‘ತಿಟ್ಟ’ ಎಂದರೆ ನಮ್ಮ ಕಡೆಯವರಿಗೆ ದಿಬ್ಬ ನೆನಪಾಗುತ್ತದೆಯೇ ಹೊರತು ಚಿತ್ರವಲ್ಲ.

ಇನ್ನು ‘ಪುಸ್ತಕ’ದ ಮೂಲವನ್ನೇ ಹಿಡಿದು ಹೊರಟರೆ ನಿಮ್ಮ ಶುದ್ಧಿಯ ವಾದ ಎಲ್ಲಿ ನಿಲ್ಲುತ್ತದೆಂದು ನೋಡಿ. ಚರ್ಮ ಎಂಬ ಅರ್ಥದ ‘ಪೋಸ್ತ್’ ಎಂಬ ಇರಾನೀ ಮೂಲದಿಂದ ಅದು ಸಂಸ್ಕೃತಕ್ಕೆ ಬಂದಿದೆಯೆಂದು ಹಲವು ವಿದ್ವಾಂಸರು ಒಪ್ಪುತ್ತಾರೆ. ಬೀದರದ ಪೇಟೆಯಲ್ಲಿ ರಟ್ಟು ಕಟ್ಟುವುದಕ್ಕೆ ‘ಜಿಲ್ದ್’ ಎನ್ನುತ್ತಾರಲ್ಲ, ಅರಬ್ಬಿಯಲ್ಲಿ ಅದಕ್ಕೂ ಚರ್ಮವೆಂದೇ ಅರ್ಥ. ಕಚೇರಿಯ ‘ದಫ್ತರ’ವು ಪರ್ಷಿಯನ್ನಿನ ಮೂಲಕ ಬಂದ ಪದವಾದರೂ ಅದರ ಬೇರು ಗ್ರೀಕಿನ ‘ದಿಫ್ತೆರಾ’ದಲ್ಲಿದೆ, ಅದೂ ಹದ ಮಾಡಿದ ತೊಗಲೇ. ಮೂರು ಭಾಷೆಗಳು ಮೂರು ಕಡೆಯಿಂದ ಹೊರಟು ಒಂದೇ ತೊಗಲಿಗೆ ಬಂದು ಸೇರಿವೆ ಎಂಬುದನ್ನು ನಲವತ್ತು ವರ್ಷಗಳಿಂದ ನಾನು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ, ಇಂದಿಗೂ ಹೇಳುವಾಗ ಮೈ ನವಿರೇಳುತ್ತದೆ. ‘ಆಲ್ಬಮ್’ ಮಾತ್ರ ಬೇರೆ ಜಾತಿಯದು: ಲ್ಯಾಟಿನ್ನಿನಲ್ಲಿ ‘ಆಲ್ಬುಸ್’ ಎಂದರೆ ಬಿಳಿ, ರೋಮಿನಲ್ಲಿ ಸಾರ್ವಜನಿಕ ಪ್ರಕಟಣೆಗಳನ್ನು ಬರೆದು ನಿಲ್ಲಿಸುತ್ತಿದ್ದ ಬಿಳಿ ಹಲಗೆಗೆ ಆ ಹೆಸರಿತ್ತು.

ಕೇಳಿದವರಿಗೆ ನನ್ನ ಸಲಹೆ ‘ಚಿತ್ರಸಂಪುಟ’. ‘ಪುಟ’ ಎಂದರೆ ಮೊದಲಿಗೆ ಮಡಿಕೆ. ‘ಸಂಪುಟ’ ಎಂದರೆ ಒಂದಕ್ಕೊಂದು ಎದುರಾಗಿ ಮುಚ್ಚಿಕೊಂಡ ಎರಡು ಬಟ್ಟಲು, ಭರಣಿ. ನಡುವೆ ಮಡಚಿ ಎರಡು ಬದಿ ಮುಚ್ಚಿಕೊಳ್ಳುವ ನಿಮ್ಮ ವಸ್ತುವಿಗೆ ಇದಕ್ಕಿಂತ ಸರಿಯಾದ ಪದವಿಲ್ಲ. ಸ್ಪ್ರೆಡ್ಡಿಗೆ ‘ಯುಗ್ಮಪುಟ’. ಯಾರಾದರೂ ‘ಚಿತ್ರಹೊತ್ತಗೆ’, ‘ಜೋಡಿಪುಟ’ ಎಂದು ಹೇಳಲು ಬರಬಹುದು. ಅವು ಅರಿಸಮಾಸಗಳು. ಸಂಸ್ಕೃತ ಕನ್ನಡಗಳನ್ನು ಹೊಂದದಂತೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು ಕವಿರಾಜಮಾರ್ಗವು ಎಚ್ಚರಿಸಿದೆ. ಅದು ಹುಟ್ಟಿದ ಮಾನ್ಯಖೇಟ ನಿಮ್ಮದೇ ಸೇಡಂ ತಾಲ್ಲೂಕಿನ ಮಳಖೇಡ.

ಯಾದಗಿರಿಯಿಂದ

ಗುರುಗಳೇ, ‘ಪುಸ್ತಕ’ವೇ ಇರಾನಿನ ತೊಗಲಾದರೆ ‘ಸಂಪುಟ’ದ ಪರವಾಗಿ ಯಾವ ಬಾಯಿಂದ ಮಾತನಾಡುತ್ತೀರಿ? ಹೊತ್ತಗೆಯನ್ನು ಕನ್ನಡದ ನಾಲಗೆ ತನ್ನ ಅಳತೆಗೆ ಕೊರೆದುಕೊಂಡಿದೆ, ಸಂಪುಟವು ಬಂದಂತೆಯೇ ಕುಳಿತಿದೆ. ‘ಯುಗ್ಮಪುಟ’ವನ್ನು ಮದುವೆ ಮನೆಯಲ್ಲಿ ಒಬ್ಬರಾದರೂ ಉಚ್ಚರಿಸಿ ತೋರಿಸಲಿ.

ಬೀದರದಿಂದ, ನಿವೃತ್ತ ಕನ್ನಡ ಅಧ್ಯಾಪಕ

ಉಚ್ಚರಿಸಲು ಬಾರದಿದ್ದರೆ ಕಲಿಯಬೇಕು. ಪದವನ್ನು ಬಿಡುವುದಲ್ಲ.

ಕಲಬುರಗಿಯಿಂದ, ಮುದ್ರಣಾಲಯದಲ್ಲಿ ರಟ್ಟು ಕಟ್ಟುವವರು

ಗುರುಗಳಿಗೂ ಯಾದಗಿರಿಯ ಅಣ್ಣನವರಿಗೂ ನಮಸ್ಕಾರ. ನನ್ನ ಅಜ್ಜ, ನನ್ನ ತಂದೆ ಇಬ್ಬರೂ ಇದೇ ಕೆಲಸ ಮಾಡಿದವರು. ಅಜ್ಜನ ಕಾಲಕ್ಕೆ, ಎಂದರೆ 1948ರವರೆಗೆ, ಇಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು, ಆದ್ದರಿಂದ ಕಟ್ಟುವ ವಹಿಗಳ ಹೆಸರೂ ಉರ್ದುವಿನಲ್ಲಿದ್ದವು. ಮಡಚಿದ ಹಾಳೆಗಳ ಒಂದೊಂದು ಕಟ್ಟಿಗೆ ನಾವು ‘ಜುಜ್’ ಎನ್ನುತ್ತೇವೆ, ಅವುಗಳನ್ನು ದಾರದಿಂದ ಹೊಲಿಯುವುದು ‘ಜುಜ್‌ಬಂದಿ’. ಅದರ ಪಕ್ಕದಲ್ಲಿಯೇ ‘ರಟ್ಟು’, ‘ಬೆನ್ನು’, ‘ಹೊಲಿಗೆ’, ‘ಮಡಿಕೆ’ ಎಂಬ ಕನ್ನಡ ಪದಗಳನ್ನೂ ಅದೇ ಬಾಯಿಂದ ಆಡುತ್ತೇವೆ. ಯಾವುದು ಎಲ್ಲಿಂದ ಬಂತೆಂದು ಕೆಲಸದ ಹೊತ್ತಿನಲ್ಲಿ ಯಾರೂ ಕೇಳಿದ್ದಿಲ್ಲ. ‘ಕಾಗದ’ವನ್ನು ಪರ್ಷಿಯನ್ ಎಂದು ಹೊರಗೆ ಹಾಕಿದರೆ ನಮ್ಮ ಅಂಗಡಿಯಲ್ಲಿ ಕಟ್ಟಲು ಏನೂ ಉಳಿಯುವುದಿಲ್ಲ.

ಕೇಳಿದ ಪದದ ವಿಷಯಕ್ಕೆ ಬರುತ್ತೇನೆ. ಹಾಳೆಯನ್ನು ಮಡಚಿ, ನುಣುಪಾದ ಎಲುಬಿನ ಪಟ್ಟಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಲಕ್ಕೆ ಉಜ್ಜಿದಾಗ ಬೀಳುವ ಗೆರೆಗೆ ನಮ್ಮಲ್ಲಿ ‘ಮಡಿಕೆ’ ಎಂದೇ ಹೆಸರು. ಆಲ್ಬಮ್ ಅಂಟಿಸುವ ಹುಡುಗರು ‘ಮಡಿಕಿ ಮ್ಯಾಲ ಮಾರಿ ಬಂದದ’ ಎಂದು ಹೇಳಿಯೇ ಶೀಟು ವಾಪಸು ಕಳುಹಿಸುತ್ತಾರೆ. ‘ನಡುಗೆರೆ’ ತಪ್ಪಲ್ಲ, ಆದರೆ ಗೆರೆಯನ್ನು ಪೆನ್ನಿನಿಂದಲೂ ಎಳೆಯಬಹುದು. ಕಾಗದ ಬಾಗಿದೆ, ಅಲ್ಲಿ ಲ್ಯಾಮಿನೇಷನ್ ಮುಂದೆ ಬಿರಿಯಬಹುದು ಎಂಬ ಎಚ್ಚರಿಕೆ ‘ಮಡಿಕೆ’ಯಲ್ಲಿ ಮಾತ್ರ ಇದೆ. ಸ್ಪ್ರೆಡ್ಡಿನಲ್ಲಿ ಹಾಳೆ ಒಂದೇ, ಪುಟ ಎರಡು. ಅದಕ್ಕೆ ‘ಜೋಡಿಹಾಳೆ’ ಎನ್ನಬೇಡಿ, ಗಿರಾಕಿ ಎರಡು ಹಾಳೆಯ ಲೆಕ್ಕ ಹಿಡಿದು ಜಗಳಕ್ಕೆ ಬರುತ್ತಾನೆ. ‘ಜೋಡಿಪುಟ’ವೇ ಸರಿ, ಅರಿಸಮಾಸವಾದರೂ ಆಗಲಿ.

ಬೀದರದಿಂದ, ನಿವೃತ್ತ ಕನ್ನಡ ಅಧ್ಯಾಪಕ

‘ಮಡಿಕೆ’ಯ ಬಗ್ಗೆ ನನ್ನ ವಿರೋಧವಿಲ್ಲ, ಅದು ಚೊಕ್ಕ ಪದ, ‘ನಡುಮಡಿಕೆ’ ಎಂದರೆ ಇನ್ನೂ ಖಚಿತವಾಗುತ್ತದೆ. ಇದನ್ನು ಓದಿದ ಮೇಲೆ ನನಗೆ ‘ಕಡತ’ ನೆನಪಾಯಿತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸವರಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವದು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಹೊಲಿಗೆಯಿಲ್ಲದೆ, ಬಿಚ್ಚಿದರೆ ಸಮವಾಗಿ ಹಾಸಿಕೊಳ್ಳುವ ಪುಸ್ತಕವನ್ನು ಕನ್ನಡಿಗರು ಎಂದೋ ಮಾಡಿ ಹೆಸರಿಟ್ಟಿದ್ದರು. ಸರ್ಕಾರಿ ಕಚೇರಿಗಳು ಆ ಹೆಸರನ್ನು ಫೈಲಿಗೆ ತೆಗೆದುಕೊಂಡುಬಿಟ್ಟವು, ‘ಮದುವೆಯ ಕಡತ’ ಎಂದರೆ ಇಂದು ನೋಂದಣಿ ಕಚೇರಿಯ ಕಪಾಟು ಕಣ್ಣಿಗೆ ಬರುತ್ತದೆ. ಒಳ್ಳೆಯ ಪದವೊಂದು ನಮ್ಮ ಕೈತಪ್ಪಿಹೋದದ್ದಕ್ಕೆ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ. ‘ಜೋಡಿಪುಟ’ವನ್ನು ಮಾತ್ರ ಈಗಲೂ ಒಪ್ಪಲಾರೆ.

ಕಲಬುರಗಿಯಿಂದ, ಆಲ್ಬಮ್ ವಿನ್ಯಾಸಕ

ಉತ್ತರಿಸಿದ ಎಲ್ಲರಿಗೂ ಕೃತಜ್ಞ. ಶನಿವಾರ ಚಿತ್ರ ಆರಿಸಲು ಬಂದಿದ್ದ ಒಬ್ಬ ತಾಯಿಗೆ ನೀವು ಕೊಟ್ಟ ಪದಗಳನ್ನು ಒಂದೊಂದಾಗಿ ಓದಿಸಿ, ಏನು ತಿಳಿಯಿತೆಂದು ಕೇಳಿದೆ. ‘ಚಿತ್ರಸಂಪುಟ’ ಎಂದಾಗ ಅವರಿಗೆ ಮಂತ್ರಿಗಳು ನೆನಪಾದರು. ‘ತಿಟ್ಟಹೊತ್ತಗೆ’ಯನ್ನು ಎರಡು ಸಲ ಓದಿ ಪತ್ರವನ್ನು ನನ್ನ ಕೈಗೇ ಕೊಟ್ಟರು. ‘ನಡುಮಡಿಕೆ’ ಎಂದೊಡನೆ ಮಾತಾಡದೆ ಮಾದರಿಯ ನಡುವಿನ ಗೆರೆಯ ಮೇಲೆ ಬೆರಳು ಎಳೆದು, ‘ಇಲ್ಲಿ ನಮ್ಮ ಅತ್ತಿ ಮಾರಿ ಬರಬಾರದು ನೋಡಪ್ಪ’ ಎಂದರು. ಪದವನ್ನು ಹುಡುಕಿದ್ದು ಈ ಒಂದು ಮಾತಿಗಾಗಿಯೇ. ಅವರ ಅತ್ತೆ ಆ ಮದುವೆಯಾದ ಮೂರು ತಿಂಗಳಿಗೆ ತೀರಿಕೊಂಡಿದ್ದರು, ಗುಂಪುಚಿತ್ರದಲ್ಲಿ ಅವರು ನಿಂತದ್ದು ಸರಿಯಾಗಿ ನಡುವಿನಲ್ಲಿ. ಆ ಚಿತ್ರವನ್ನು ಎಡಕ್ಕೆ ಎರಡು ಇಂಚು ಸರಿಸಿ, ಮಡಿಕೆ ಎರಡು ಹೆಗಲುಗಳ ನಡುವಿನ ಸಂದಿಯಲ್ಲಿ ಬೀಳುವಂತೆ ಮಾಡಿದ್ದೇನೆ.

ಇಡೀ ವಸ್ತುವಿಗೆ ‘ಆಲ್ಬಮ್’ ಎಂಬುದನ್ನೇ ಉಳಿಸಿಕೊಂಡಿದ್ದೇನೆ. ಯಾದಗಿರಿಯವರು ಇದಕ್ಕೆ ಮುನಿಯಬಾರದೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಅವರ ‘ಮೀರಂಚು’ ನನಗೆ ಬಹಳ ಹಿಡಿಸಿತು, ಅದನ್ನು ಹಾಗೆಯೇ ಬಳಸಿದ್ದೇನೆ. ಆಲ್ಬಮ್ ಎಂಬುದು ಈ ಜಿಲ್ಲೆಯ ಪ್ರತಿ ಮನೆಯ ಟ್ರಂಕಿನಲ್ಲಿ ಎರಡು ಮೂರು ತಲೆಮಾರಿನಿಂದ ಇರುವ ವಸ್ತು. ಅದನ್ನು ಹೊರಗೆ ತೆಗೆದು ತೋರಿಸುವಾಗ ಅಜ್ಜಿಯಂದಿರು ಆಡುವ ಪದ ಅದು. ಆದರೆ ಗಟರ್, ಬ್ಲೀಡ್ ಎಂಬವು ಯಾವ ಮನೆಯೊಳಗೂ ಹೋಗಿಲ್ಲ, ನಾವು ಕೆಲಸದವರು ಅವುಗಳನ್ನು ಗಿರಾಕಿಗಳ ಮೇಲೆ ಹೇರುತ್ತಿದ್ದೆವು. ಎರವಲು ಪದಗಳ ಬಗ್ಗೆ ನಡೆದ ವಾದದಲ್ಲಿ ನನಗೆ ಮುಖ್ಯವೆನಿಸುವ ವ್ಯತ್ಯಾಸ ಇಷ್ಟೇ. ಗುರುಗಳು ‘ಜೋಡಿಪುಟ’ಕ್ಕೆ ನನ್ನನ್ನು ಕ್ಷಮಿಸಬೇಕು.

ಫಲಕದಲ್ಲಿ ‘ಮದುವೆ ಆಲ್ಬಮ್ ವಿನ್ಯಾಸ’ ಎಂದಿರುತ್ತದೆ. ಒಪ್ಪಿಗೆ ಪತ್ರದ ಸಾಲುಗಳು ಹೀಗಿವೆ: ‘ಪ್ರತಿ ಜೋಡಿಪುಟದ ನಡುಮಡಿಕೆಯ ಮೇಲೆ ಯಾರ ಮುಖವೂ ಬಾರದಂತೆ ಚಿತ್ರಗಳನ್ನು ಹೊಂದಿಸಲಾಗುವುದು. ಹೊಂದಿಸಲಾಗದ ಚಿತ್ರಗಳನ್ನು ಅಚ್ಚಿಗೆ ಮೊದಲು ನಿಮಗೆ ತೋರಿಸಿ ನಿಮ್ಮ ಒಪ್ಪಿಗೆ ಪಡೆಯಲಾಗುವುದು. ಮೀರಂಚಿನಲ್ಲಿರುವ ಭಾಗವು ಕತ್ತರಿಸುವಾಗ ಹೋಗುತ್ತದೆ, ಅಲ್ಲಿ ಕೈ, ತಲೆ, ಅಕ್ಷರ ಯಾವುದೂ ಇಲ್ಲವೆಂದು ನೋಡಿಕೊಂಡು ಸಹಿ ಮಾಡಿ.’ ಜವಾಬ್ದಾರಿಯಿಂದ ನುಣುಚಿಕೊಳ್ಳುವ ಹಳೆಯ ವಾಕ್ಯವನ್ನು ತೆಗೆದುಹಾಕಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇದು ಮುದ್ರಣಕ್ಕೆ ಹೋಗುತ್ತದೆ, ಕಾಗುಣಿತದ ತಪ್ಪು ಕಂಡರೆ ಅದಕ್ಕೆ ಮೊದಲೇ ತಿಳಿಸಿ.